ಗೊಂಚಲು ದೀಪ: ಅದರ ಚರಿತ್ರೆಯೂ ಉಪಚಾರವೂ

ನಮ್ಮ ಮನೆಗಳಲ್ಲಿ ದೀಪಕ್ಕೆ ಒಂದು ಮರ್ಯಾದೆ ಉಂಟು. ದೇವರ ಮುಂದಿನ ಹಿತ್ತಾಳೆಯ ತೂಗುದೀಪವನ್ನು ವಾರಕ್ಕೊಮ್ಮೆ ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು ಒರಸಿ, ಹೊಸ ಬತ್ತಿ ಹಾಕಿ ಮತ್ತೆ ಮೇಲಕ್ಕೇರಿಸುವುದು ಹಳೆಯ ಕಟ್ಟಳೆ. ಆದರೆ ಅದೇ ಮನೆಯ ಹಜಾರದಲ್ಲಿ ಗಾಜಿನ ಗೊಂಚಲು ದೀಪವೊಂದು ತೂಗುತ್ತಿದ್ದರೆ ಅದಕ್ಕೆ ಈ ಮರ್ಯಾದೆ ದೊರಕುವುದು ಅಪರೂಪ. ತಂದ ವರ್ಷ ಅದು ಮಿಂಚುತ್ತದೆ, ಮರುವರ್ಷ ಮಂಕಾಗುತ್ತದೆ, ಮೂರನೆಯ ವರ್ಷಕ್ಕೆ ಜೇಡರ ಬಲೆಗೆ ಆಶ್ರಯವಾಗುತ್ತದೆ. ಆಗ ನಾವು, ಇಷ್ಟು ಹಣ ಕೊಟ್ಟು ಮೋಸ ಹೋದೆವೆಂದು ಅಂಗಡಿಯವನನ್ನು ಹಳಿಯುತ್ತೇವೆ. ತಪ್ಪು ಅಂಗಡಿಯವನದೋ, ವಸ್ತುವಿನ ಸ್ವಭಾವವನ್ನರಿಯದೆ ತಂದ ನಮ್ಮದೋ? ಇದನ್ನು ತೀರ್ಮಾನಿಸಬೇಕಾದರೆ ಈ ದೀಪದ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಇಂಗ್ಲಿಷರು ಷಾಂಡಲಿಯರ್ ಎಂದು ಕರೆಯುವ ಈ ದೀಪದ ಹೆಸರು ಮೇಣದ ಬತ್ತಿಯನ್ನು ಸೂಚಿಸುವ ಫ್ರೆಂಚ್ ಶಬ್ದದ ಸಂಬಂಧಿ. ಮಧ್ಯಯುಗದ ಯೂರೋಪಿನ ಚರ್ಚುಗಳಲ್ಲಿಯೂ ಕೋಟೆಗಳಲ್ಲಿಯೂ ಇದರ ಆದಿರೂಪವಿತ್ತು: ಅಡ್ಡಲಾಗಿ ಸೇರಿಸಿದ ಎರಡು ಮರದ ತೊಲೆಗಳು, ಬತ್ತಿಯನ್ನು ಚುಚ್ಚಿ ನಿಲ್ಲಿಸಲು ಮೊಳೆಗಳು, ಮೇಲಕ್ಕೆಳೆಯಲು ಒಂದು ಹಗ್ಗ. ಅದರಲ್ಲಿ ಸೊಗಸೇನೂ ಇರಲಿಲ್ಲ. ಬೆಳಕನ್ನು ಎತ್ತರದಲ್ಲಿಡುವುದಷ್ಟೇ ಉದ್ದೇಶ. ಹಾಗಾದರೆ ಗಾಜಿಗೆ ಇಲ್ಲಿ ಏನು ಕೆಲಸ? ಬೆಳಕು ದುಬಾರಿಯಾಗಿದ್ದುದೇ ಇದಕ್ಕೆ ಉತ್ತರ. ಜೇನುಮೇಣದ ಬತ್ತಿ ಶ್ರೀಮಂತರ ವಸ್ತು. ಉಳಿದವರಿಗೆ ಪ್ರಾಣಿಗಳ ಕೊಬ್ಬಿನ ಬತ್ತಿ, ಅದರ ಹೊಗೆ, ಅದರ ದುರ್ವಾಸನೆ. ಇಂಗ್ಲೆಂಡಿನಲ್ಲಿಯಂತೂ ೧೭೦೯ರಿಂದ ೧೮೩೧ರವರೆಗೆ ಬತ್ತಿಯ ಮೇಲೆ ತೆರಿಗೆಯೇ ಇತ್ತು. ಹೀಗಿರುವಾಗ ಒಂದು ಜ್ವಾಲೆಯನ್ನು ನೂರಾಗಿ ತೋರಿಸುವ ಉಪಾಯಕ್ಕೆ ಬೆಲೆ ಬಾರದಿರುತ್ತದೆಯೆ?

ಆ ಉಪಾಯವನ್ನು ಹದಿನೇಳನೆಯ ಶತಮಾನದ ಫ್ರಾನ್ಸಿನ ಅರಮನೆಗಳವರು ನಿಜವಾದ ಸ್ಫಟಿಕಶಿಲೆಯಲ್ಲಿ ಕಂಡುಕೊಂಡರು. ನಮ್ಮ ಜಪಮಾಲೆಗಳಲ್ಲಿರುವ ಸ್ಫಟಿಕದಂಥ ಕಲ್ಲನ್ನೇ ಕಡೆದು ದೀಪಕ್ಕೆ ತೂಗುಹಾಕುತ್ತಿದ್ದರು. ಆದರೆ ಆ ಕಲ್ಲು ದುರ್ಲಭ. ಅದನ್ನು ಕಡೆಯುವುದೂ ಕಷ್ಟ. ವೆನಿಸಿನ ಮುರಾನೊ ದ್ವೀಪದ ಕುಶಲಿಗಳು ಹದಿನೈದನೆಯ ಶತಮಾನದಲ್ಲಿಯೇ ಬಣ್ಣವಿಲ್ಲದ ತಿಳಿಗಾಜನ್ನು ಸಾಧಿಸಿ ಅದಕ್ಕೆ ಸ್ಫಟಿಕದ ಹೆಸರನ್ನೇ ಇಟ್ಟಿದ್ದರು. ಅದು ತೆಳ್ಳಗೆ ಊದುವುದಕ್ಕೆ ತಕ್ಕ ಗಾಜೇ ಹೊರತು ಆಳವಾಗಿ ಕೊರೆಯುವುದಕ್ಕಲ್ಲ. ೧೬೭೪ರಲ್ಲಿ ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬ ವರ್ತಕನು ಹೊಸ ಬಗೆಯ ಗಾಜಿಗೆ ಸನ್ನದು ಪಡೆದನು. ಮೊದಮೊದಲು ಆ ಗಾಜಿನಲ್ಲಿ ಕೂದಲೆಳೆಯಂಥ ಬಿರುಕುಗಳು ತಾವಾಗಿಯೇ ಮೂಡಿ ಅದು ಮಬ್ಬಾಗುತ್ತಿತ್ತು. ಸೀಸದ ಆಕ್ಸೈಡನ್ನು ಬೆರೆಸಿದ ಮೇಲೆ ಆ ದೋಷ ಅಡಗಿತು.

ಸೀಸ ಬೆರೆತ ಗಾಜು ಭಾರವಾದದ್ದು, ಮೆದುವಾದದ್ದು. ಚಕ್ರಕ್ಕೆ ಹಿಡಿದು ಮುಖಗಳನ್ನು ಕೊರೆಯುವುದು ಸುಲಭ. ಬೆಳಕನ್ನು ಅದು ಹೆಚ್ಚಾಗಿ ಬಾಗಿಸುತ್ತದೆ. ಸಾಮಾನ್ಯ ಗಾಜಿನ ವಕ್ರೀಭವನಾಂಕ ಸುಮಾರು ೧.೫, ಸೀಸ ಹೆಚ್ಚಿದಂತೆ ಅದು ೧.೬ನ್ನು ಮುಟ್ಟಿ ಮೀರುವುದೂ ಉಂಟು. ಬಿಳಿಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಗುಣವೂ ಇದರೊಡನೆ ಹೆಚ್ಚುತ್ತದೆ. ಕ್ರಿಸ್ಟಲ್ ಎಂಬ ಹೆಸರು ಮಾತ್ರ ಗೌರವಾರ್ಥವಾದದ್ದು. ಶಾಸ್ತ್ರದ ದೃಷ್ಟಿಯಲ್ಲಿ ಗಾಜು ಎಂದಿಗೂ ಸ್ಫಟಿಕವಲ್ಲ.

ಈ ದೀಪಗಳು ನಮ್ಮ ದೇಶಕ್ಕೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಬರ್ಮಿಂಗ್‌ಹ್ಯಾಮಿನ ಆಸ್ಲರ್ ಸಂಸ್ಥೆ ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ೨೭ ಅಡಿ ಎತ್ತರದ, ಸುಮಾರು ೪ ಟನ್ ತೂಕದ ಗಾಜಿನ ಕಾರಂಜಿಯನ್ನು ನಿಲ್ಲಿಸಿ ಹೆಸರಾಯಿತು. ಅದಕ್ಕೂ ಮೊದಲೇ, ೧೮೪೦ರ ದಶಕದಲ್ಲಿ, ಆ ಸಂಸ್ಥೆ ಕಲ್ಕತ್ತೆಯಲ್ಲಿ ಮಳಿಗೆ ತೆರೆದಿತ್ತು. ನಮ್ಮ ರಾಜಮಹಾರಾಜರೇ ಅದರ ದೊಡ್ಡ ಗಿರಾಕಿಗಳು. ೧೮೭೪ರಲ್ಲಿ ಕಟ್ಟಿ ಮುಗಿದ ಗ್ವಾಲಿಯರಿನ ಜಯವಿಲಾಸ ಅರಮನೆಯಲ್ಲಿ ಎರಡು ಭಾರಿ ಗೊಂಚಲು ದೀಪಗಳನ್ನು ತೂಗುಹಾಕುವ ಮೊದಲು, ಚಾವಣಿಯ ಮೇಲೆ ಆನೆಗಳನ್ನು ನಡೆಸಿ ಅದರ ಬಲವನ್ನು ಪರೀಕ್ಷಿಸಿದರೆಂಬ ಪ್ರತೀತಿ ಇಂದಿಗೂ ಕೇಳಿಬರುತ್ತದೆ.

ಈ ಚರಿತ್ರೆಯಲ್ಲಿ ನಾವು ಗಮನಿಸಬೇಕಾದ ಸಂಗತಿ ಅರಮನೆಯ ವೈಭವವಲ್ಲ, ಅಲ್ಲಿಯ ದಿನಚರಿ. ಬತ್ತಿಯ ದೀಪ ಹೊತ್ತಬೇಕಾದರೆ ಅದನ್ನು ಹಗ್ಗ ಸಡಿಲಿಸಿ ಇಳಿಸಬೇಕು, ಇಲ್ಲವೆ ಏಣಿಯಿಟ್ಟು ಏರಬೇಕು. ಕರಗಿ ಹರಿದ ಮೇಣವನ್ನು ಕೆರೆಯಬೇಕು. ಮಸಿ ಹಿಡಿದ ಲೋಲಕಗಳನ್ನು ಒರಸಬೇಕು. ಹೊಸ ಬತ್ತಿಗಳನ್ನು ಸಿಕ್ಕಿಸಬೇಕು. ಉರಿಯುವ ದೀಪವೇ ಮನುಷ್ಯನ ಕೈಯನ್ನು ಮತ್ತೆಮತ್ತೆ ತನ್ನ ಬಳಿಗೆ ಕರೆಯುತ್ತಿತ್ತು.

ಆ ಕರೆ ನಮ್ಮ ಮೈಸೂರು ಸೀಮೆಯಲ್ಲಿ ಯಾವಾಗ ನಿಂತಿತೆಂಬುದನ್ನು ಬಹುಮಟ್ಟಿಗೆ ವರ್ಷವಾರಾಗಿ ಹೇಳಬಹುದು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂದಿತು. ೧೯೦೮ರಲ್ಲಿ ಮೈಸೂರು ನಗರಕ್ಕೆ. ೧೮೯೭ರಲ್ಲಿ ಸುಟ್ಟುಹೋದ ಮರದ ಅರಮನೆಯ ಸ್ಥಾನದಲ್ಲಿ ಹೆನ್ರಿ ಇರ್ವಿನ್ನನ ನಕ್ಷೆಯಂತೆ ಎದ್ದ ಹೊಸ ಅರಮನೆ ೧೯೧೨ರಲ್ಲಿ ಮುಗಿಯುವ ಹೊತ್ತಿಗೆ ಗುಂಡಿಯೊತ್ತಿದರೆ ಬೆಳಗುವ ದೀಪ ಬಂದಾಗಿತ್ತು. ಮೇಣವಿಲ್ಲ, ಮಸಿಯಿಲ್ಲ; ಹಗ್ಗ ಸಡಿಲಿಸುವ ಅಗತ್ಯವೂ ಇಲ್ಲ. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೀಪಕ್ಕೂ ಕೈಗೂ ಇದ್ದ ನಂಟು ಅಂದಿನಿಂದ ಸಡಿಲವಾಯಿತು.

ಇನ್ನೊಂದು ಬದಲಾವಣೆಯೂ ಇದೇ ಕಾಲದ್ದು. ಬೊಹೀಮಿಯದ ಡೇನಿಯಲ್ ಸ್ವರೋವ್‌ಸ್ಕಿ ಎಂಬಾತನು ೧೮೯೨ರಲ್ಲಿ ಗಾಜು ಕೊರೆಯುವ ಯಂತ್ರಕ್ಕೆ ಸನ್ನದು ಪಡೆದು, ೧೮೯೫ರಲ್ಲಿ ಆಸ್ಟ್ರಿಯದ ವಾಟೆನ್ಸ್ ಎಂಬ ಊರಿನಲ್ಲಿ ಕಾರ್ಖಾನೆ ತೆರೆದನು. ಕೈಯ ಕೆಲಸವನ್ನು ಯಂತ್ರ ವಹಿಸಿಕೊಂಡಿತು; ಕೊರೆದ ಗಾಜು ಅಗ್ಗವಾಯಿತು; ಅರಮನೆಯ ದೀಪ ಗೃಹಸ್ಥನ ಹಜಾರಕ್ಕೆ ಇಳಿದುಬಂದಿತು. ದೀಪವೇನೋ ಬಂದಿತು, ಅದನ್ನು ನೋಡಿಕೊಳ್ಳುತ್ತಿದ್ದ ಅರಮನೆಯ ಊಳಿಗದವರು ಅದರ ಹಿಂದೆ ಬರಲಿಲ್ಲ. ನಮ್ಮ ತೊಡಕೆಲ್ಲ ಇಲ್ಲಿಯೇ ಇದೆ.

ಆದುದರಿಂದ ಕೊಳ್ಳುವಾಗ ಕೇಳಿಕೊಳ್ಳಬೇಕಾದ ಮೊದಲನೆಯ ಪ್ರಶ್ನೆ ಕ್ರಯವೆಷ್ಟು ಎಂಬುದಲ್ಲ, ಇದನ್ನು ಒರಸುವವರು ಯಾರು ಎಂಬುದು. ನೂರು ಲೋಲಕಗಳಿದ್ದರೆ ನೂರನ್ನೂ ಒಂದೊಂದಾಗಿ ಕೈಯಲ್ಲಿ ಹಿಡಿಯಬೇಕು. ಅದಕ್ಕೆ ಬಿಡುವಿಲ್ಲದವರು ಇಪ್ಪತ್ತು ಲೋಲಕಗಳ ದೀಪವನ್ನು ಕೊಳ್ಳುವುದು ಜಾಣತನ. ಎರಡನೆಯ ಪ್ರಶ್ನೆ ಅಳತೆಯದು. ಕೋಣೆಯ ಉದ್ದ ಅಗಲಗಳನ್ನು ಅಡಿಗಳಲ್ಲಿ ಕೂಡಿಸಿ, ಬಂದ ಸಂಖ್ಯೆಯಷ್ಟು ಅಂಗುಲ ಅಡ್ಡಳತೆಯ ದೀಪವನ್ನು ಆರಿಸುವುದು ರೂಢಿಯಲ್ಲಿರುವ ಲೆಕ್ಕ: ೧೪ ಅಡಿ ಉದ್ದ, ೧೨ ಅಡಿ ಅಗಲದ ಕೋಣೆಗೆ ೨೬ ಅಂಗುಲ. ಜನ ಓಡಾಡುವ ಕಡೆ ದೀಪದ ಕೆಳಗೆ ೭ ಅಡಿಯಾದರೂ ತೆರವಿರಬೇಕು. ಊಟದ ಮೇಜಿನ ಮೇಲಾದರೆ ೩೦ರಿಂದ ೩೬ ಅಂಗುಲ ಸಾಕು. ಮೂರನೆಯದು ಚಾವಣಿಯ ಬಲ. ನಮ್ಮಲ್ಲಿ ಆನೆಗಳಿಲ್ಲ, ನಿಜ. ಆದರೆ ಹಳೆಯ ಮದರಾಸು ತಾರಸಿಯಾದರೆ ಕೊಂಡಿ ತೊಲೆಯನ್ನೇ ಹಿಡಿದಿದೆಯೆ, ಕಾಂಕ್ರೀಟಾದರೆ ಆ ಕೊಂಡಿ ದೀಪದ ತೂಕದ ಹಲವು ಪಟ್ಟನ್ನು ಹೊರಬಲ್ಲದೆ ಎಂಬುದನ್ನು ತಿಳಿದವರಿಂದ ನೋಡಿಸದೆ ದೀಪವನ್ನು ಏರಿಸಬಾರದು. ಬೀಸಣಿಗೆಗೆಂದು ಬಿಟ್ಟ ಕೊಂಡಿಯನ್ನು ಕಣ್ಣುಮುಚ್ಚಿ ನಂಬುವುದು ಅಪಾಯ.

ಗಾಜಿನ ಗುಣವನ್ನು ಕೈಯೂ ಕಣ್ಣೂ ಹೇಳುತ್ತವೆ. ಅಚ್ಚಿನಲ್ಲಿ ಒತ್ತಿದ ಲೋಲಕದ ಅಂಚು ಮೊಂಡು. ಅಚ್ಚಿನ ಎರಡು ಭಾಗ ಕೂಡಿದ ಗೆರೆ ಬೆರಳಿಗೆ ತಗಲುತ್ತದೆ. ಕೊರೆದು ಮೆರುಗಿಟ್ಟದ್ದರ ಅಂಚು ಚೂಪು, ಮುಖ ಸಪಾಟು. ಬಿಸಿಲಿಗೆ ಹಿಡಿದರೆ ಗೋಡೆಯ ಮೇಲೆ ಕಾಮನಬಿಲ್ಲು ಬೀಳುತ್ತದೆ. ಯೂರೋಪಿನ ೧೯೬೯ರ ನಿಯಮದಂತೆ ಶೇಕಡ ೨೪ರಷ್ಟು ಸೀಸದ ಆಕ್ಸೈಡು ಇದ್ದರೆ ಮಾತ್ರ ಸೀಸದ ಕ್ರಿಸ್ಟಲ್ ಎನ್ನಬಹುದು. ಸೀಸವಿಲ್ಲದೆಯೂ ಹೊಳೆಯುವ ಗಾಜುಗಳು ಈಗ ಬಂದಿವೆ. ಅವು ಕೀಳೆಂದು ತಿಳಿಯಬೇಕಾಗಿಲ್ಲ. ಲೋಲಕಗಳನ್ನು ಎಣಿಸಿ, ನಾಲ್ಕಾರು ಹೆಚ್ಚಿನವನ್ನು ಕೇಳಿ ಪಡೆಯಿರಿ. ಬಲ್ಬಿನ ಮಾತೂ ಮುಖ್ಯ. ಗಾಜು ಮಿನುಗಬೇಕಾದರೆ ಬೆಳಕು ಜ್ವಾಲೆಯಂತೆ ಸಣ್ಣ ಬಿಂದುವಿನಿಂದ ಹೊರಡಬೇಕು. ಹಾಲುಬಣ್ಣದ ಬುರುಡೆಯೊಳಗಿನ ಎಲ್‌ಇಡಿ ಕೋಣೆಯನ್ನು ಬೆಳಗುತ್ತದೆ, ಗಾಜನ್ನು ಬೆಳಗಿಸುವುದಿಲ್ಲ, ತಿಳಿಗಾಜಿನದನ್ನೇ ಹಾಕಬೇಕು.

ಇನ್ನು ಉಪಚಾರ. ಮೊದಲು ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲಿಯೇ ನಿಲ್ಲಿಸಿ, ದೀಪ ಆರಲು ಬಿಡಬೇಕು. ಕೆಳಗೆ ದಪ್ಪ ಕಂಬಳಿ ಹಾಸಬೇಕು. ಲೋಲಕಗಳನ್ನು ಬಿಚ್ಚುವುದಾದರೆ ಮೊದಲು ಒಂದು ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಮರಳಿ ಜೋಡಿಸುವಾಗ ಪರದಾಟವಿಲ್ಲ. ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲಿಗೆ ಮೂರು ಪಾಲು ಬಟ್ಟಿಯಿಳಿಸಿದ ನೀರು ಬೆರೆಸಿ, ಹತ್ತಿಯ ಬಟ್ಟೆಯನ್ನು ಅದರಲ್ಲಿ ತೇವಮಾಡಿ ಒರಸಿ, ಒಡನೆಯೇ ಒಣಬಟ್ಟೆಯಿಂದ ಮತ್ತೆ ಒರಸಬೇಕು. ಕೊಳವೆಬಾವಿಯ ಗಡಸು ನೀರು ಆಗದು. ಅದು ಆರಿದ ಮೇಲೆ ಬಿಳಿಯ ಕಲೆ ಉಳಿಯುತ್ತದೆ. ಅಮೋನಿಯ ಬೆರೆತ ದ್ರಾವಣ ಲೋಹದ ಮೆರುಗನ್ನು ತಿನ್ನುತ್ತದೆ. ಬಲ್ಬಿನ ಕುಳಿಗೆ ತೇವ ತಗಲಬಾರದು. ಎಲ್ಲಕ್ಕಿಂತ ಮಿಗಿಲಾಗಿ, ನಿಂತಲ್ಲಿಂದಲೇ ದೀಪವನ್ನು ತಿರುಗಿಸುವ ಸೋಮಾರಿತನ ಕೂಡದು. ತಿರುಗಿಸಿದರೆ ಮೇಲಿನ ತಿರುಪು ಸಡಿಲವಾದೀತು. ದೀಪ ತಿರುಗಬಾರದು, ಏಣಿಯೊಡನೆ ನಾವು ಸುತ್ತಬೇಕು. ಏಣಿಯನ್ನು ಹಿಡಿದುಕೊಳ್ಳಲು ಇನ್ನೊಬ್ಬರಿರಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಚ್ಚಿನ ಗಾಜನ್ನು ಕೊರೆದ ಗಾಜೆಂದು ಮಾರಿದ್ದರೆ ತಪ್ಪು ಅಂಗಡಿಯವನದು. ಒಳ್ಳೆಯ ಗಾಜು ಮಂಕಾಗಿದ್ದರೆ ತಪ್ಪು ನಮ್ಮದು. ಉರಿಯುವ ಬತ್ತಿ ಹಿಂದಿನವರಿಂದ ಬಲವಂತವಾಗಿ ಮಾಡಿಸುತ್ತಿದ್ದ ಸೇವೆಯನ್ನು ವಿದ್ಯುತ್ತು ನಮ್ಮಿಂದ ಕೇಳುವುದಿಲ್ಲ, ನಾವಾಗಿಯೇ ಮಾಡಬೇಕಾಗಿದೆ. ತೂಗುದೀಪವನ್ನು ತೊಳೆಯುವ ಕಟ್ಟಳೆ ಇನ್ನೂ ಉಳಿದಿರುವ ಮನೆಯಲ್ಲಿ ಇದು ಹೊಸ ಪಾಠವೇನೂ ಅಲ್ಲ. ಗೊಂಚಲು ದೀಪವೂ ದೀಪವೇ ಎಂಬುದನ್ನು ಮರೆಯದಿದ್ದರಾಯಿತು.