ಹೂವಿನ ದುಡ್ಡಿಗೆ ಪಿಂಚಣಿ ಇರಲಿಲ್ಲ

ಹಂಗಳದಿಂದ ಗೋಪಾಲಸ್ವಾಮಿ ಬೆಟ್ಟದ ದಾರಿ ಹಿಡಿದರೆ ಮಳೆಗಾಲದಲ್ಲಿ ಎರಡೂ ಕಡೆ ಚೆಂಡು ಹೂವು, ಸೂರ್ಯಕಾಂತಿ. ಫೋಟೋ ತೆಗೆಯೋಕೆ ಕಾರುಗಳು ಸಾಲಾಗಿ ನಿಲ್ಲುತ್ತವೆ. ಹೊಲದವರ ಕೈಗೆ ದುಡ್ಡು ಬರುವುದೂ ಆ ಎರಡು ಮೂರು ತಿಂಗಳಲ್ಲೇ. ಉಳಿದ ತಿಂಗಳು ಹೇಗೋ ನಡೆಯುತ್ತದೆ. ವಯಸ್ಸಾಗಿ ಹೊಲಕ್ಕೆ ಇಳಿಯಲಾಗದ ದಿನ?

ಮೈಸೂರು ಸಂಸ್ಥಾನ ಈ ಯೋಚನೆಯನ್ನು 1891ರಲ್ಲೇ ಮಾಡಿತ್ತು, ಆದರೆ ತನ್ನ ನೌಕರರ ಬಗ್ಗೆ. ಆಗ ಹತ್ತನೇ ಚಾಮರಾಜ ಒಡೆಯರ ಆಳ್ವಿಕೆ, ಶೇಷಾದ್ರಿ ಅಯ್ಯರ್ ದಿವಾನರು. ಪಿಂಚಣಿಯ ಜೊತೆಗೆ ನೌಕರರಿಗೆ ಸರ್ಕಾರದ್ದೇ ಜೀವವಿಮೆ ಶುರುವಾಯಿತು. ಮೇಷ್ಟ್ರುಗಳು ಕೆಜಿಐಡಿ ಅನ್ನುವುದು ಅದನ್ನೇ. ಅದರ ಗುಟ್ಟು ದೊಡ್ಡದೇನಲ್ಲ: ಸಂಬಳ ಕೈಗೆ ಬರುವ ಮೊದಲೇ ಕಂತು ಮುರಿದುಕೊಳ್ಳುತ್ತಾರೆ. ಕೈಗೆ ಬಾರದ ದುಡ್ಡು ಖರ್ಚಾಗುವುದಿಲ್ಲ.

ರೈತನಿಗೆ ಸಂಬಳವೇ ಇಲ್ಲ, ಮುರಿದುಕೊಳ್ಳುವವರು ಯಾರು? ಅವನ ಪಿಂಚಣಿ ಅಂದರೆ ಹಸು, ಹೆಂಡತಿಯ ಕೊರಳ ಚಿನ್ನ, ಗಂಡುಮಕ್ಕಳು. ಬೋರ್‌ವೆಲ್ ಕೈಕೊಟ್ಟ ವರ್ಷ ಚಿನ್ನ ಗಿರವಿ ಅಂಗಡಿ ಸೇರುತ್ತದೆ. ಮಗ ಕೆಲಸ ಹುಡುಕಿಕೊಂಡು ಮೈಸೂರೋ ಬೆಂಗಳೂರೋ ಸೇರುತ್ತಾನೆ. ಬಡ ವೃದ್ಧರಿಗೆ ರಾಜ್ಯದ ವೃದ್ಧಾಪ್ಯ ವೇತನ ಬಂದದ್ದು 1965ರಲ್ಲಿ, ಸಂಧ್ಯಾ ಸುರಕ್ಷಾ 2007ರಲ್ಲಿ. ನೌಕರರ ವಿಮೆಯಿಂದ ಲೆಕ್ಕ ಹಾಕಿದರೆ ಎಪ್ಪತ್ತಕ್ಕೂ ಹೆಚ್ಚು ವರ್ಷ ತಡ. ಅದೂ ನೆರವು, ನಾವೇ ಕಟ್ಟಿ ಗಳಿಸಿದ್ದಲ್ಲ.

ಕಟ್ಟಿ ಪಡೆಯುವ ದಾರಿ ಹಳ್ಳಿಯ ಬ್ಯಾಂಕಿಗೂ ಅಂಚೆ ಕಚೇರಿಗೂ ಬಂದದ್ದು 2015ರ ಅಟಲ್ ಪಿಂಚಣಿ ಯೋಜನೆಯಿಂದ. ವಯಸ್ಸು 18ರಿಂದ 40. ಆದಾಯ ತೆರಿಗೆ ಕಟ್ಟುವವರು 2022ರ ಅಕ್ಟೋಬರ್‌ನಿಂದ ಹೊಸದಾಗಿ ಸೇರುವಂತಿಲ್ಲ. ಅರವತ್ತಾದ ಮೇಲೆ ತಿಂಗಳಿಗೆ 5,000 ರೂಪಾಯಿ ಬೇಕೆಂದರೆ 18ಕ್ಕೆ ಸೇರಿದವರ ಕಂತು ತಿಂಗಳಿಗೆ 210 ರೂಪಾಯಿ, 30ಕ್ಕೆ 577, 40ಕ್ಕೆ 1,454. (ನಮ್ಮ ಬೆಟ್ಟದ ಎತ್ತರವೂ 1,454 ಮೀಟರ್. ತಡ ಮಾಡಿದಷ್ಟೂ ಏರು ಜಾಸ್ತಿ.) ಗಂಡ ತೀರಿಕೊಂಡರೆ ಅಷ್ಟೇ ಪಿಂಚಣಿ ಹೆಂಡತಿಗೆ, ಹೆಂಡತಿ ಹೆಸರಲ್ಲಿದ್ದರೆ ಗಂಡನಿಗೆ.

ಒಂದು ಕೊರತೆ ಇದೆ. ಸರ್ಕಾರಿ ಪಿಂಚಣಿಗೆ ತುಟ್ಟಿಭತ್ಯೆ ಏರುತ್ತದೆ, ಇಲ್ಲಿ ಆ 5,000ಕ್ಕೆ ಏರಿಕೆಯ ಭರವಸೆ ಇಲ್ಲ. ಇಪ್ಪತ್ತು ವರ್ಷದ ಮೇಲೆ ಅದರಲ್ಲಿ ಎಷ್ಟು ರಾಗಿ ಬರುತ್ತೋ! ಹಾಗಾಗಿ ಇದೊಂದನ್ನೇ ನಂಬಿ ಹಸು ಮಾರಬೇಡಿ.

ಆದರೆ ಹೂವಿನವರಿಗೆ ಹೊಂದುವ ಅನುಕೂಲ ಒಂದಿದೆ: ಕಂತನ್ನು ತಿಂಗಳಿಗೇ ಕಟ್ಟಬೇಕಿಲ್ಲ, ಆರು ತಿಂಗಳಿಗೊಮ್ಮೆಯೂ ಕಟ್ಟಬಹುದು. ಸೇರುವಾಗಲೇ ಬಾಯಿಬಿಟ್ಟು ಕೇಳಿ. ಹೂವಿನ ದುಡ್ಡು ಬಂದಾಗ ಎರಡು ಕಂತಿನಷ್ಟು ಖಾತೆಯಲ್ಲೇ ಬಿಟ್ಟರೆ ಬೇಸಿಗೆಯ ಕಂತೂ ಮೇಷ್ಟ್ರ ಕೆಜಿಐಡಿಯ ಹಾಗೆ ತಾನೇ ಮುರಿದುಹೋಗುತ್ತದೆ.