ಮಿನೆಸೋಟದ ಚಳಿಗಾಲ ಮತ್ತು ರಾಸ್ಪ್‌ಬೆರಿ

ಕೆಂಪು ರಾಸ್ಪ್‌ಬೆರಿ ಗಿಡದ ಬೇರು ಹಲವು ವರ್ಷ ಬಾಳಿದರೂ ನೆಲದ ಮೇಲಿನ ಅದರ ಕಾಂಡದ ಆಯುಷ್ಯ ಎರಡೇ ವರ್ಷ. ಮೊದಲ ಬೇಸಿಗೆಯಲ್ಲಿ ಎಲೆ ಬಿಟ್ಟು ಎತ್ತರಕ್ಕೆ ಬೆಳೆದ ಕಾಂಡ ಚಳಿಗಾಲವನ್ನು ದಾಟಿ, ಮರುವರ್ಷ ಹಣ್ಣು ಕೊಟ್ಟು ಒಣಗುತ್ತದೆ. ಉಷ್ಣಾಂಶವು ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಬಲ್ಲ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಈ ಬೆಳೆಯ ಚರಿತ್ರೆಯೆಲ್ಲ ನಡುವಿನ ಆ ಒಂದು ಚಳಿಗಾಲದ ಸುತ್ತಲೇ ತಿರುಗಿದೆ.

ಅಲ್ಲಿನ ಹಳೆಯ ಬೆಳೆಗಾರರ ಉಪಾಯ ಕಾಂಡವನ್ನು ಹೂಳುವುದಾಗಿತ್ತು. ನೆಲ ಹೆಪ್ಪುಗಟ್ಟುವ ಮುನ್ನ ಬುಡದ ಒಂದು ಬದಿಯ ಮಣ್ಣನ್ನು ಸಡಿಲಿಸಿ, ಕಾಂಡವು ನಡುವೆ ಮುರಿಯದೆ ಬೇರಿನ ಹತ್ತಿರವೇ ಬಾಗುವಂತೆ ಗಿಡವನ್ನು ಸಾಲಿನುದ್ದಕ್ಕೆ ಮಲಗಿಸಿ, ಮೇಲೆ ಮಣ್ಣೆಳೆದು ಮುಚ್ಚಿ, ವಸಂತದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಬೇಕಿತ್ತು. ಒಬ್ಬ ಬಾಗಿಸಿ ಹಿಡಿದು ಇನ್ನೊಬ್ಬ ಮಣ್ಣೆಳೆಯುವ, ಮುಳ್ಳು ಚುಚ್ಚಿಸಿಕೊಳ್ಳುವ ಈ ಕೆಲಸ ಹಿತ್ತಲಿಗೆ ಸರಿಹೋದರೂ ದೊಡ್ಡ ತೋಟಕ್ಕೆ ದುಬಾರಿಯೇ.

ಹೂಳದೆಯೇ ಚಳಿ ತಾಳುವ ತಳಿಯೇ ಇದಕ್ಕೆ ಪರಿಹಾರವಾಗಿತ್ತು. ಎಕ್ಸೆಲ್ಸಿಯರ್ ಊರಿನ ಬಳಿ 1908ರಲ್ಲಿ ಆರಂಭವಾದ ಹಣ್ಣಿನ ತಳಿ ಸಂವರ್ಧನಾ ಕೇಂದ್ರವು ಕಿಂಗ್ ಮತ್ತು ಲೌಡನ್ ಎಂಬ ತಳಿಗಳನ್ನು ಸಂಕರಿಸಿ ಪಡೆದ ಸಸಿಯನ್ನು 1920ರಲ್ಲಿ ಬಿಡುಗಡೆ ಮಾಡಿ, ರಾಜ್ಯದ ತೋಟಗಾರಿಕಾ ಸಂಘದ ಕಾರ್ಯದರ್ಶಿಯಾಗಿದ್ದ ಎ. ಡಬ್ಲ್ಯು. ಲೇಥಮ್ ಅವರ ಹೆಸರನ್ನೇ ಅದಕ್ಕೆ ಇಟ್ಟಿತು. ಮಿನಿಯಾಪೊಲಿಸ್ ಪಕ್ಕದ ಹಾಪ್‌ಕಿನ್ಸ್ ಊರು ರಾಸ್ಪ್‌ಬೆರಿಗೆ ಎಷ್ಟು ಹೆಸರಾಯಿತೆಂದರೆ, ಆರ್ಥಿಕ ಮುಗ್ಗಟ್ಟಿನ ನಡುವೆಯೇ 1935ರಲ್ಲಿ ಅಲ್ಲಿ ಈ ಹಣ್ಣಿನ ಹೆಸರಿನ ಹಬ್ಬ ಆರಂಭವಾಯಿತು. ಹೊಲಗಳನ್ನು ಮುಂದೆ ನಗರ ನುಂಗಿದರೂ ಹಬ್ಬ ಉಳಿದುಕೊಂಡಿದೆ.

ಕಾಂಡದ ಸಾವಿಗೆ ಕೊರೆಯುವ ಚಳಿಯೊಂದನ್ನೇ ದೂರುವುದು ಅರ್ಧಸತ್ಯ. ಸುಪ್ತಾವಸ್ಥೆಯಲ್ಲಿ, ಅಂದರೆ ಬೆಳವಣಿಗೆ ನಿಂತು ಗಿಡ ವಿಶ್ರಮಿಸುವ ಸ್ಥಿತಿಯಲ್ಲಿ, ಗಟ್ಟಿ ತಳಿಯ ಕಾಂಡ ಕಡು ಚಳಿಯನ್ನೂ ತಾಳುತ್ತದೆ. ಚಳಿಗಾಲದ ಕೊನೆಗೆ ಕೆಲವು ದಿನ ಬಿಸಿಲೇರಿ ಆ ತಾಳಿಕೆ ಸಡಿಲಗೊಂಡ ಮೇಲೆ ಮರಳುವ ಹಿಮವೇ ಮೊಗ್ಗುಗಳನ್ನು ಕೊಲ್ಲುವುದುಂಟು. ಕೆನಡಾದ ಮ್ಯಾನಿಟೋಬ ಪ್ರಾಂತದ ಮಾರ್ಡನ್ ಸಂಶೋಧನಾ ಕೇಂದ್ರದಿಂದ 1960ರಲ್ಲಿ ಬಂದ ಬಾಯ್ನ್ ತಳಿ ಹುಲ್ಲುಗಾವಲು ಸೀಮೆಯ ಚಳಿಗೂ ಜಗ್ಗದೆ ಹೆಸರು ಮಾಡಿತು.

ಚಳಿಗಾಲವನ್ನು ಎದುರಿಸುವ ಗೋಜನ್ನೇ ತಪ್ಪಿಸುವ ದಾರಿಯೂ ಇತ್ತು. ಮೊದಲ ವರ್ಷದ ಕಾಂಡದ ತುದಿಯಲ್ಲೇ ಶರತ್ಕಾಲಕ್ಕೆ ಹಣ್ಣು ಬಿಡುವ ತಳಿಗಳಲ್ಲಿ, ಕೊಯ್ಲಿನ ನಂತರ ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಿ ಹಾಕಿದರೂ ಬೇರಿನಿಂದ ಮರುವರ್ಷ ಹೊಸ ಚಿಗುರು ಬರುತ್ತದೆ. ಆದರೆ ನ್ಯೂಯಾರ್ಕ್ ರಾಜ್ಯದ ಜಿನೀವಾದಿಂದ 1969ರಲ್ಲಿ ಬಂದ, ಇಂಥ ತಳಿಗಳಲ್ಲಿ ಪ್ರಸಿದ್ಧವಾದ ಹೆರಿಟೇಜ್, ಮಿನೆಸೋಟದಲ್ಲಿ ಹಣ್ಣಾಗುವಷ್ಟರಲ್ಲಿ ಹಿಮ ಬಿದ್ದುಬಿಡುತ್ತಿತ್ತು. ಹೀಗಾಗಿ ಅದಕ್ಕಿಂತ ಬೇಗ ಮಾಗುವ ರೆಡ್‌ವಿಂಗ್ ತಳಿಯನ್ನು ಮಿನೆಸೋಟ ವಿಶ್ವವಿದ್ಯಾಲಯವೇ 1987ರಲ್ಲಿ ಹೊರತಂದಿತು.