ಲಿನಕ್ಸ್ ಕನ್ನಡಕ್ಕೆ ಬಂದ ದಾರಿ

ಮಂಡಕಳ್ಳಿ ಎಂದರೆ ಹೊರಗಿನವರಿಗೆ ಮೈಸೂರಿನ ವಿಮಾನ ನಿಲ್ದಾಣ. ಇಲ್ಲಿ ಓಡಾಡುವವರಿಗೆ ಅದು ನಂಜನಗೂಡು ರಸ್ತೆ, ಚಾಮರಾಜನಗರದ ರೈಲು, ಕಡಕೊಳದ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುವ ಜನ, ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳು. ಇಂಥ ಅಂಗಡಿಗಳಲ್ಲೂ, ಮಕ್ಕಳ ಓದಿಗೆಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತಂದ ಮನೆಗಳಲ್ಲೂ ಈಗ ಒಂದು ಫಜೀತಿ ಎದ್ದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳಲ್ಲಿ ಬಹುತೇಕ ಯಾವುದನ್ನೂ ಅದು ಒಪ್ಪುವುದಿಲ್ಲ. ಯಂತ್ರ ಗಟ್ಟಿಮುಟ್ಟಾಗಿದ್ದರೂ ಹೊಸದು ಕೊಳ್ಳಿ ಎಂದೇ ಇದರ ಅರ್ಥ.

ಹೀಗಾಗಿ ಇಷ್ಟು ವರ್ಷ ಇಂಜಿನಿಯರಿಂಗ್ ಹುಡುಗರ ಗೀಳು ಎನಿಸಿಕೊಂಡಿದ್ದ, ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಲಿನಕ್ಸಿನ ಮಾತು ಸಾಮಾನ್ಯರ ಬಾಯಲ್ಲೂ ಕೇಳಿಬರುತ್ತಿದೆ. ಅದು ಕಷ್ಟವೋ ಸುಲಭವೋ ಎಂಬ ಹಳೇ ಚರ್ಚೆ ನನಗೆ ಬೇಸರ ತರಿಸುತ್ತದೆ. ಮೌಸ್ ಹಿಡಿಯಲು ಬಂದವರಿಗೆ ಇವತ್ತಿನ ಲಿನಕ್ಸ್ ಕಷ್ಟವೇನಲ್ಲ. ಕನ್ನಡಿಗರಿಗೆ ಅಡ್ಡಿಯಾದದ್ದು ಎರಡು ಸಂಗತಿ: ಕನ್ನಡವನ್ನು ನಾವು ಕಂಪ್ಯೂಟರಿನೊಳಗೆ ಬರೆದಿಟ್ಟ ಬಗೆ, ನಮ್ಮ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಿದ ಬಗೆ.

ಮೂಲದ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಶುರು ಮಾಡಿದರು. ಅದೇ ಮಾದರಿಯದನ್ನು, ಆದರೆ ಎಲ್ಲರಿಗೂ ಬಿಟ್ಟುಕೊಡುವಂಥದ್ದನ್ನು ಕಟ್ಟುತ್ತೇನೆಂದು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಸಾರಿ, ಗ್ನೂ ಯೋಜನೆಗೆ ಕೈಹಾಕಿದರು. ಬಳಸುವ, ಬಿಚ್ಚಿ ನೋಡಿ ಕಲಿಯುವ, ತಿದ್ದುವ, ತಿದ್ದಿದ್ದನ್ನೂ ಹಂಚುವ ಹಕ್ಕು ಎಲ್ಲರಿಗೂ ಇರಬೇಕೆಂಬುದು ಅವರ ಪಟ್ಟು. 1989ರಲ್ಲಿ ಅದಕ್ಕೆ ಜಿಪಿಎಲ್ ಎಂಬ ಪರವಾನಗಿಯ ರೂಪ ಬಂತು. ಅವರ ವ್ಯವಸ್ಥೆಯಲ್ಲಿ ಒಂದು ಮುಖ್ಯ ಭಾಗವೇ ಬಾಕಿ ಉಳಿದಿತ್ತು: ಯಂತ್ರಕ್ಕೂ ತಂತ್ರಾಂಶಕ್ಕೂ ನಡುವೆ ನಿಂತು ಕೆಲಸ ಮಾಡಿಸುವ ಕರ್ನಲ್. ಅದನ್ನು ಬರೆದವರು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್. 1991ರ ಆಗಸ್ಟ್ 25ರಂದು, ಇದೊಂದು ಹವ್ಯಾಸವಷ್ಟೇ ಎಂಬ ಧಾಟಿಯಲ್ಲಿ ಅವರು ಅದರ ಸುದ್ದಿ ಹೇಳಿದರು. ಲಿನಕ್ಸ್ ಎಂಬ ಆ ಕರ್ನಲ್ ಕೂಡ ಮರುವರ್ಷ ಜಿಪಿಎಲ್ ಪರವಾನಗಿಗೆ ಬಂತು. ಇವತ್ತು ನಂಜನಗೂಡು ಬಸ್ಸಿನಲ್ಲಿ ಆಂಡ್ರಾಯ್ಡ್ ಫೋನ್ ಒತ್ತುತ್ತಾ ಕೂತವರೆಲ್ಲರ ಕೈಯಲ್ಲಿರುವುದು ಅದೇ ಕರ್ನಲ್.

ಕರ್ನಲ್ಲಿನ ಸುತ್ತ ಕಿಟಕಿ, ಮೆನು, ಬ್ರೌಸರ್ ಎಲ್ಲವನ್ನೂ ಜೋಡಿಸಿ ಕೊಡುವುದಕ್ಕೆ ಡಿಸ್ಟ್ರೋ ಎನ್ನುತ್ತಾರೆ. ಅದೇ ಸಾಮಾನು ಹಾಕಿದರೂ ಮನೆಮನೆಯ ಸಾರಿನ ಪುಡಿಗೆ ಬೇರೆ ಬೇರೆ ಹದ ಬರುವಂತೆ ಇಲ್ಲೂ ನೂರಾರು ಹದಗಳಿವೆ. ಹೊಸಬರು ಮೂರು ಹೆಸರು ತಿಳಿದಿದ್ದರೆ ಸಾಕು: 1993ರ ಡೆಬಿಯನ್, ಅದರ ಮೇಲೆ ಕಟ್ಟಿದ 2004ರ ಉಬುಂಟು, ಉಬುಂಟುವಿನಿಂದ ಹುಟ್ಟಿದ 2006ರ ಲಿನಕ್ಸ್ ಮಿಂಟ್.

ಕರ್ನಾಟಕದ ಅಧ್ಯಾಯ ಸಿಡಿಯಿಂದ ಆರಂಭವಾಗುತ್ತದೆ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರಲ್ಲಿ, ಅದೂ ಡಯಲ್‌ಅಪ್. ಒಂದು ಸಿಡಿಯಷ್ಟನ್ನು ಇಳಿಸಿಕೊಳ್ಳಲು ದಿನಗಟ್ಟಲೆ ಫೋನ್ ಕಾಯಬೇಕಿತ್ತು. 1996ರ ಮಾರ್ಚ್‌ನಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಸಂಚಿಕೆಯ ಜೊತೆಗೇ ಲಿನಕ್ಸ್ ಸಿಡಿ ಹಂಚಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಅವರು ಮತ್ತು ಬೆಂಗಳೂರು ಲಿನಕ್ಸ್ ಬಳಕೆದಾರರ ಬಳಗ ಸೇರಿ 2001ರಲ್ಲಿ ಆರಂಭಿಸಿದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ 2005ರಲ್ಲಿ ‘ಫಾಸ್ ಡಾಟ್ ಇನ್’ ಆಗಿ 2012ರವರೆಗೆ ನಡೆಯಿತು. ಮರುವರ್ಷ ಚಿಟ್ನಿಸ್ ತೀರಿಕೊಂಡರು. ಆ ಸಮ್ಮೇಳನಗಳು ನಮ್ಮಲ್ಲಿ ಪ್ರೋಗ್ರಾಮರುಗಳನ್ನು ಬೆಳೆಸಿದವು ನಿಜ. ಕನ್ನಡದಲ್ಲೇ ಕಂಪ್ಯೂಟರ್ ಬಳಸುವವರನ್ನು ಬೆಳೆಸುವ ಉದ್ದೇಶ ಅವಕ್ಕೆ ಇರಲಿಲ್ಲ.

ಆ ಉದ್ದೇಶ ಇದ್ದದ್ದು ಸಿಂಪ್ಯೂಟರಿಗೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ, ಅಂಗೈಯಲ್ಲಿ ಹಿಡಿಯುವ ಲಿನಕ್ಸ್ ಯಂತ್ರವದು. ಓದು ಬಾರದವರಿಗೂ ಆಗಲಿ ಎಂದು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ‘ಧ್ವನಿ’ ತಂತ್ರಾಂಶವನ್ನೂ ಅದಕ್ಕಾಗಿ ಬರೆದರು. 2004ರಲ್ಲಿ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು ಕೆಲವು ಸಾವಿರ ಮಾರಾಟವಾಗಿ ಮರೆಯಾಯಿತು. ಸೋತ ಯಂತ್ರ ಎಂದು ನಗುವವರಿದ್ದಾರೆ. ಬೆರಳಲ್ಲಿ ಮುಟ್ಟುವ, ಲಿನಕ್ಸ್ ಮೇಲೆ ನಡೆಯುವ ಅಗ್ಗದ ಯಂತ್ರವೇ ಹಳ್ಳಿಗೆ ಬೇಕು ಎಂಬ ಅವರ ಊಹೆ ಮಾತ್ರ ತಪ್ಪಾಗಲಿಲ್ಲ. ಆಂಡ್ರಾಯ್ಡ್ ಅದನ್ನು ತೋರಿಸಿಕೊಟ್ಟಿತು.

ಇನ್ನು ಅಕ್ಷರದ ವಿಷಯ. ಯುನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಒಂದು ಅಂಕೆಯುಂಟು. ಅಂಕೆಗಳ ಸಾಲನ್ನು ನೋಡಿ ಒತ್ತು, ಗುಣಿತಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ಫಾಂಟ್ ಮತ್ತು ಅದರ ಹಿಂದಿನ ತಂತ್ರಾಂಶದ ಕೆಲಸ. ‘ಸೂರ್ಯ’ ಎಂದಾಗ ಅರ್ಕಾವತ್ತು ಯಕಾರದ ಬಲಕ್ಕೆ ಸರಿಯಬೇಕು. ‘ರ‍್ಯಾಂಕ್’ ಎಂದಾಗ ಅದೇ ರ, ಅದೇ ಯ. ಆದರೆ ಯಕಾರ ಒತ್ತಾಗಿ ಇಳಿಯಬೇಕು. ಇದನ್ನು ಸೂಚಿಸಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇಡಬೇಕಾಗುತ್ತದೆ. ಇಂಥವೆಲ್ಲ ಲಿನಕ್ಸಿನಲ್ಲಿ ಸರಿಹೋಗಲು ವರ್ಷಗಳೇ ಹಿಡಿದವು. ಪ್ಯಾಂಗೋ, ಆಮೇಲೆ ಹಾರ್ಫ್‌ಬಜ್ ಎಂಬ ತಂತ್ರಾಂಶಗಳು ಅಕ್ಷರ ಜೋಡಿಸುವ ಹೊಣೆ ಹೊತ್ತವು. ರೆಡ್ ಹ್ಯಾಟ್ ಕಂಪನಿ 2004ರಲ್ಲಿ ಲೋಹಿತ್ ಫಾಂಟುಗಳನ್ನು ಮುಕ್ತವಾಗಿ ಬಿಟ್ಟುಕೊಟ್ಟಿತು. ಕೇದಗೆ, ಮಲ್ಲಿಗೆ ಎಂಬ ಫಾಂಟುಗಳು ಡೆಬಿಯನ್ ಸೇರಿದವು. ಮುಂದೆ ಅರವಿಂದ ವಿ.ಕೆ. ರೂಪಿಸಿದ ‘ಗುಬ್ಬಿ’, ‘ನವಿಲು’ ಕೂಡ ಅಲ್ಲಿಗೆ ಬಂದವು. ಹರಿ ಪ್ರಸಾದ್ ನಾಡಿಗ್ ಮತ್ತು ಗೆಳೆಯರು, ರೆಡ್ ಹ್ಯಾಟ್‌ನ ಭಾಷಾ ತಂಡದವರು ಮೆನುಗಳನ್ನು ಕನ್ನಡಿಸಿದರು. ಓಂಶಿವಪ್ರಕಾಶ್ ‘ಲಿನಕ್ಸಾಯಣ’ ಎಂಬ ಬರಹಮಾಲೆಯಲ್ಲಿ ಹೊಸಬರಿಗೆ ಕನ್ನಡದಲ್ಲೇ ಲಿನಕ್ಸ್ ಕಲಿಸಿದರು. ಇಷ್ಟರಲ್ಲಿ ಯಾವುದು ಹೆಚ್ಚು ಉಪಕಾರ ಮಾಡಿತು ಎಂದರೆ ಫಾಂಟು ಎಂದೇ ಹೇಳುತ್ತೇನೆ. ಕನ್ನಡಿಸಿದ ಮೆನುವನ್ನು ಮೊದಲ ದಿನ ನೋಡಿ ಸಂತೋಷಪಟ್ಟು, ಎರಡನೇ ದಿನ ಇಂಗ್ಲಿಷಿಗೆ ಬದಲಾಯಿಸಿಕೊಳ್ಳುವವರೇ ಹೆಚ್ಚು.

ಅಕ್ಷರ ಸಿದ್ಧವಾಗುವ ಹೊತ್ತಿಗೆ ನಮ್ಮ ಕಚೇರಿಗಳು ಬೇರೆ ದಾರಿ ಹಿಡಿದಾಗಿತ್ತು. 1998ರಲ್ಲಿ ಕನ್ನಡ ಟೈಪಿಸಲು ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಎರಡೂ ವಿಂಡೋಸ್‌ಗೆ ಮಾಡಿದವು. ಆಗಿನ ‘ನುಡಿ’ ಅಕ್ಷರಗಳನ್ನು ಯುನಿಕೋಡ್‌ನಂತೆ ಅಂಕೆಯಾಗಿ ಇಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಇಡುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಫೈಲು ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆಯ ಮೇಲೆ ಗೀಟು ಹೊತ್ತ ಯುರೋಪಿನ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ‘ಕನ್ನಡ’ ಎಂದು ಬರೆದಿದ್ದರೂ ಮಧ್ಯದಲ್ಲೊಂದು ಪೌಂಡ್ ಗುರುತು! ಫಾಂಟನ್ನು ಲಿನಕ್ಸಿನಲ್ಲಿ ಹಾಕಿಕೊಂಡರೆ ಕಣ್ಣಿಗೇನೋ ಕನ್ನಡ ಕಾಣುತ್ತದೆ, ಒಂದು ಪದ ಹುಡುಕಲು ಹೋದರೆ ಸಿಗುವುದಿಲ್ಲ. ‘ನುಡಿ’ಯನ್ನು ದೂರಲು ನನಗೆ ಮನಸ್ಸಿಲ್ಲ. ಗುಮಾಸ್ತರ ಕೈಗೆ ಕನ್ನಡ ಬಂದದ್ದು ಅದರಿಂದ, ಅದರ ಮುಂದಿನ ಆವೃತ್ತಿಗಳು ಯುನಿಕೋಡಿಗೂ ಬಂದವು. ಆದರೆ ಲಗ್ನಪತ್ರಿಕೆ, ಅರ್ಜಿ, ಕ್ರಯಪತ್ರಗಳು ಹಳೆಯ ರೂಪದಲ್ಲಿ ರಾಶಿ ಬಿದ್ದಿವೆ, ಅವು ಇರುವವರೆಗೆ ಡಿಟಿಪಿ ಅಂಗಡಿಯವರು ವಿಂಡೋಸ್ ಬಿಡುವುದಿಲ್ಲ. ಇದನ್ನು ಕಂಡೇ ಅರವಿಂದ ಅವರು ಹಳೆಯ ಬರಹವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕವನ್ನೂ ಬರೆದು ಮುಕ್ತವಾಗಿ ಕೊಟ್ಟಿದ್ದಾರೆ. ನನ್ನ ಲೆಕ್ಕದಲ್ಲಿ ಕನ್ನಡದ ಲಿನಕ್ಸ್ ಇತಿಹಾಸದಲ್ಲಿ ಅತಿ ಉಪಯುಕ್ತ ತಂತ್ರಾಂಶ ಅದು.

ಶಾಲೆಗಳ ಕಥೆಗೆ ಗಡಿ ದಾಟಬೇಕು. ಕೇರಳದ ‘ಐಟಿ@ಸ್ಕೂಲ್’ ಯೋಜನೆ 2001ರಲ್ಲಿ ಹುಟ್ಟಿದಾಗ ಪಾಠ ಇದ್ದದ್ದು ವಿಂಡೋಸ್‌ನಲ್ಲೇ. ಶಿಕ್ಷಕರ ಸಂಘಟನೆಯವರೂ ಮುಕ್ತ ತಂತ್ರಾಂಶದವರೂ ತಕರಾರು ತೆಗೆದ ಮೇಲೆ ಅದು ಹಂತಹಂತವಾಗಿ ಲಿನಕ್ಸಿಗೆ ಹೊರಳಿತು. ಎಸ್ಸೆಸ್ಸೆಲ್ಸಿಯ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ ನಡೆಯಿತು. ಈಗ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆ ಉಬುಂಟುವನ್ನು ಶಾಲೆಗೆ ಒಗ್ಗಿಸಿ ಕೊಡುತ್ತದೆ. ಪರವಾನಗಿ ಶುಲ್ಕದಲ್ಲಿ ಸುಮಾರು 3,000 ಕೋಟಿ ರೂಪಾಯಿ ಉಳಿದಿದೆ ಎಂಬುದು ಅದು 2019ರಲ್ಲಿ ಕೊಟ್ಟ ಅಂದಾಜು. ಅಂದಾಜನ್ನು ಹೇಗೆ ಕಟ್ಟಿದರೆಂದು ವಾದಿಸಬಹುದು, ಆದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ವಿಷಯದಲ್ಲಿ ವಾದವಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಈ ಮಕ್ಕಳು ಕನ್ನಡದಲ್ಲೇ ಅಚ್ಚಾದ ಐಸಿಟಿ (ಮಾಹಿತಿ ತಂತ್ರಜ್ಞಾನ) ಪಠ್ಯ ಹಿಡಿದು ಲಿನಕ್ಸಿನ ಮುಂದೆ ಕೂರುತ್ತಾರೆ. ಪರೀಕ್ಷೆಗೆ ಬೇಕಾದ್ದರಿಂದ ಅವರಿಗೆ ಅದು ಯಾವ ಸಿದ್ಧಾಂತವೂ ಅಲ್ಲ, ಎಲ್ಲದರಂತೆ ಒಂದು ಪಾಠ.

ಕರ್ನಾಟಕದಲ್ಲಿ ‘ಮಾಹಿತಿ ಸಿಂಧು’ ಯೋಜನೆಯಿಂದ ಹಿಡಿದು ಶಾಲೆಗಳ ಕಂಪ್ಯೂಟರ್ ಕೋಣೆ ಬಹುಮಟ್ಟಿಗೆ ಖಾಸಗಿ ಗುತ್ತಿಗೆಗೆ ಹೋಯಿತು. ಯಂತ್ರವೂ ಗುತ್ತಿಗೆದಾರರದು, ಕಲಿಸುವವರೂ ಅವರವರೇ. ಗುತ್ತಿಗೆ ಮುಗಿದ ಮೇಲೆ ಕೋಣೆಗೆ ಬೀಗ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಈ ಎರಡು ರಾಜ್ಯಗಳ ದಾರಿಗಳನ್ನು ಹೋಲಿಸಿ ಅಧ್ಯಯನ ಮಾಡಿತು. 2011ರಿಂದ ಶಿಕ್ಷಣ ಇಲಾಖೆಯ ಜೊತೆ ಸೇರಿ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರುಗಳಿಗೇ ಉಬುಂಟು ಕಲಿಸಿತು. ಗಣಿತದ ಮೇಷ್ಟ್ರು ಜಿಯೋಜೀಬ್ರಾ ತಂತ್ರಾಂಶದಲ್ಲಿ ತ್ರಿಕೋನ ಎಳೆದು ತೋರಿಸಲು ಕಲಿತದ್ದು ಇಂಥ ತರಬೇತಿಗಳಲ್ಲಿ. ಕಾಲೇಜುಗಳ ಮಟ್ಟದಲ್ಲಿ 2009ರಿಂದ ಕರ್ನಾಟಕ ಮುಕ್ತ ತಂತ್ರಾಂಶ ಚಳವಳಿ ಇದೆ. ಮೈಸೂರಿನಲ್ಲಿ ಎಸ್‌ಜೆಸಿಇ ಇಂಜಿನಿಯರಿಂಗ್ ಕಾಲೇಜಿನ ಲಿನಕ್ಸ್ ಕ್ಯಾಂಪಸ್ ಕ್ಲಬ್ ಇದೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಮುಕ್ತ ಪರವಾನಗಿಗೆ ತಂದದ್ದೂ ಈ ಗಾಳಿಯಲ್ಲೇ. ಎಲ್ಲವೂ ಒಳ್ಳೆಯ ಕೆಲಸವೇ. ಪಠ್ಯ ಮತ್ತು ಪರೀಕ್ಷೆ ಮಾತ್ರ ಬದಲಾಗದ್ದರಿಂದ ಮಂಡಕಳ್ಳಿಯ ಮಗುವಿಗೆ ಲಿನಕ್ಸ್ ಸಿಗುವುದು ಅದೃಷ್ಟ ಇದ್ದರೆ.

ಹೊಸದಾಗಿ ಪ್ರಯತ್ನಿಸುವವರು ಹಾಕಿಕೊಳ್ಳುವ ಮೊದಲು ನೋಡಬಹುದು ಎಂಬುದು ಲಿನಕ್ಸಿನ ಅನುಕೂಲ. ಎಂಟು ಜಿಬಿಯ ಪೆನ್‌ಡ್ರೈವ್‌ಗೆ ಮಿಂಟ್ ಅಥವಾ ಉಬುಂಟು ಬರೆದು, ಅದರಿಂದಲೇ ಕಂಪ್ಯೂಟರ್ ಶುರು ಮಾಡಿದರೆ ಹಾರ್ಡ್‌ಡಿಸ್ಕನ್ನು ಮುಟ್ಟದೆ ಎಲ್ಲವನ್ನೂ ತೋರಿಸುತ್ತದೆ. ವೈಫೈ, ಪ್ರಿಂಟರ್, ಸೌಂಡ್ ನಡೆಯುತ್ತವೆಯೇ ಎಂದು ಆಗಲೇ ಪರೀಕ್ಷಿಸಿ. ಕೆಲವು ಹಳೆ ಲೇಸರ್ ಪ್ರಿಂಟರುಗಳು ಸತಾಯಿಸುತ್ತವೆ. ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಮಿಂಟ್ ಸಾಕು. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ, ಅದರಲ್ಲಿ ‘ಕಗಪ’ ಆರಿಸಿದರೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ‘ನುಡಿ’ಯಲ್ಲಿ ಬೆರಳಿಗೆ ಅಭ್ಯಾಸವಾದ ಕೀಲಿಮಣೆಯನ್ನು ಬಹುಮಟ್ಟಿಗೆ ಹೋಲುವುದು ಸಿಗುತ್ತದೆ. ಪತ್ರ, ಲೆಕ್ಕದ ಹಾಳೆಗೆ ಲಿಬ್ರೆಆಫೀಸ್ ಜೊತೆಗೇ ಬರುತ್ತದೆ.

ಟ್ಯಾಲಿ, ಪೇಜ್‌ಮೇಕರ್, ಕೋರೆಲ್‌ಡ್ರಾಗಳ ಮೇಲೆ ಹೊಟ್ಟೆಪಾಡು ನಡೆಸುವವರಿಗೆ ಲಿನಕ್ಸ್ ಹಾಕಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅವು ಅಲ್ಲಿ ನೇರವಾಗಿ ನಡೆಯುವುದಿಲ್ಲ. ಅಂಥವರು ಒಂದೇ ಯಂತ್ರದಲ್ಲಿ ಎರಡೂ ಇಟ್ಟುಕೊಂಡು, ವಿಂಡೋಸ್‌ನ ಭಾಗವನ್ನು ಇಂಟರ್ನೆಟ್‌ನಿಂದ ದೂರವಿಟ್ಟರೆ ಕೆಲಸ ನಡೆಯುತ್ತದೆ. ಮನೆಯವರು ವಿಂಡೋಸ್ ಅಳಿಸುವ ಮುಂಚೆ ಹಳೆಯ ‘ನುಡಿ’ ಫೈಲುಗಳನ್ನು ಬೇರೆ ಡ್ರೈವಿಗೆ ನಕಲು ಮಾಡಿ, ಪರಿವರ್ತಕಕ್ಕೆ ಕೊಟ್ಟು, ಬಂದ ಯುನಿಕೋಡ್ ಪ್ರತಿಯ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಮ್ಮೆ ಕಣ್ಣಾಡಿಸಿ ತಿದ್ದಿಕೊಳ್ಳುವುದು ಮೊದಲ ಕೆಲಸ.